ಜೀನಿಡುವ ಮರದ ಕುದುರೆ

ಅಬ್ರಹಾಮನು ಮೊರೀಯ ದೇಶಕ್ಕೆ ಹೊರಟ ದಿನ ಹೊತ್ತಾರೆಯಲ್ಲೆದ್ದು ತನ್ನ ಕತ್ತೆಗೆ ತಡಿಹಾಕಿದ ಸಂಗತಿಯನ್ನು ಆದಿಕಾಂಡದ 22ನೆಯ ಅಧ್ಯಾಯದಲ್ಲಿ ಓದುತ್ತೇವೆ. ಬಿಳಾಮನೂ ತನ್ನ ಕತ್ತೆಗೆ ತಡಿಹಾಕಿಕೊಂಡೇ ಹೊರಟನು. ಆದರೆ ಅವನ ಕತ್ತೆಯು ಮೂರು ಸಾರಿ ಪೆಟ್ಟು ತಿಂದ ಮೇಲೆ ಬಾಯಿತೆರೆದು ನ್ಯಾಯ ಕೇಳಿತು. ನಾವು ಬಾಧೆಪಡಿಸಿದ ಕುದುರೆಯಾದರೋ ಒಂದು ಮಾತನ್ನೂ ಆಡಲಿಲ್ಲ.

1948ರಲ್ಲಿ ಜಯನಗರಕ್ಕೆ ಅಸ್ತಿವಾರ ಬಿದ್ದ ಕಾಲದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಜಟಕಾಬಂಡಿಗಳು ಓಡಾಡುತ್ತಿದ್ದವು. ಈಗ ಅದೇ ಜಯನಗರ ಬನಶಂಕರಿಗಳ ಮೇಲೆ ಮೆಟ್ರೋ ರೈಲು ಸಾಗುತ್ತದೆ. ಕುದುರೆಯು ಕಾಣುವದು ಮದುವೆಯ ಮೆರವಣಿಗೆಯಲ್ಲಿ ಮಾತ್ರವೇ ಎನ್ನಬಹುದು. ಬನಶಂಕರಿಯ ಕಡೆಯಲ್ಲಿ ಹೀಗೆ ಮದುವಣಿಗನನ್ನು ಹೊರುವ ಒಂದು ಕುದುರೆಯಿಂದ ಸಂಸಾರ ನಡಿಸುವ ನೆರೆಯವನೊಬ್ಬನುಂಟು. ಆಷಾಢದಲ್ಲಿ ಅವನಿಗೆ ಕೆಲಸವಿಲ್ಲ. ಅವನ ಮಾಡು ಸೋರುತ್ತಿದ್ದದರಿಂದ, ಅಯ್ಯನವರೇ, ಈ ಒಂದು ತಿಂಗಳು ಜೀನನ್ನು ನಿಮ್ಮ ಪ್ರಾರ್ಥನಾಲಯದ ಹಿಂದಣ ಕೋಣೆಯಲ್ಲಿ ಇಟ್ಟುಕೊಳ್ಳಿರಿ ಎಂದು ಬೇಡಿಕೊಂಡನು. ನಾವು ಸಂತೋಷದಿಂದ ಒಪ್ಪಿ, ಗೋಡೆಯ ಮೊಳೆಗೆ ಅದನ್ನು ತಗಲುಹಾಕಿ, ಉಪಕಾರ ಮಾಡಿದೆವೆಂದುಕೊಂಡು ಮರೆತುಬಿಟ್ಟೆವು.

ಶ್ರಾವಣದಲ್ಲಿ ಅವನು ಬಂದು ಜೀನನ್ನು ಒಯ್ದನು. ತೊಗಲಿನ ಬೂಷ್ಟನ್ನು ಒರಸಿದನು, ಒಳಗಣದು ಅವನಿಗೂ ತಿಳಿಯಲಿಲ್ಲ. ಭಾರವೆಲ್ಲಾ ಮೊಳೆಯ ಒಂದೇ ಕಡೆಗೆ ಬಿದ್ದು, ಒಳಗೆ ತುಂಬಿದ ಉಣ್ಣೆಯು ಕೆಳಕ್ಕೆ ಜಾರಿ ಗಂಟುಕಟ್ಟಿತ್ತು. ಎರಡು ಮೆರವಣಿಗೆ ಮುಗಿಯುವಷ್ಟರಲ್ಲಿ ಆ ಗಂಟು ಕುದುರೆಯ ಬೆನ್ನನ್ನು ಒತ್ತಿ ಹುಣ್ಣು ಮಾಡಿತು. ಉಳಿದ ಮದುವೆಗಳ ಮುಂಗಡವನ್ನು ಅವನು ಹಿಂದಕ್ಕೆ ಕೊಡಬೇಕಾಯಿತು. ನಮ್ಮ ಮೇಲೆ ಒಂದು ದೂರನ್ನೂ ಹೇಳಲಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ನೀತಿವಂತನು ತನ್ನ ದನದ ಜೀವವನ್ನು ಲಕ್ಷಿಸುವನೆಂಬರ್ಥದ ಮಾತು ಜ್ಞಾನೋಕ್ತಿಗಳ 12ನೆಯ ಅಧ್ಯಾಯದಲ್ಲಿದೆ. ಅದರ ಮೇಲೆ ನಾವು ಎಷ್ಟೋ ಸಾರಿ ಪ್ರಸಂಗಿಸಿದ್ದೇವೆ! ಈ ಸಾರಿ ಪ್ರಸಂಗವನ್ನು ಬಿಟ್ಟು ಬಡಗಿಯ ಬಳಿಗೆ ಹೋದೆವು. ಆತನು ನಮ್ಮ ಕೈಗೇ ಗರಗಸವನ್ನು ಕೊಟ್ಟನು.

ಎರಡಡಿ ಉದ್ದ, ಐದಂಗುಲ ಅಗಲದ ಎರಡು ಹಲಗೆಗಳನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಸೇರಿಸಬೇಕು. ನೆತ್ತಿಯಲ್ಲಿ ಅವು ಒಂದಕ್ಕೊಂದು ತಗಲಬಾರದು. ಎರಡಂಗುಲ ಸಂದು ಬಿಡಬೇಕು. ಯಾಕಂದರೆ ಕುದುರೆಯ ಬೆನ್ನೆಲುಬಿನ ಮೇಲೆ ಭಾರ ಬೀಳದಂತೆ ಜೀನಿನ ನಡುವೆ ಕಾಲುವೆಯುಂಟು. ಅದು ಇಲ್ಲಿಯೂ ಬರಿದಾಗಿದ್ದು ಗಾಳಿಯಾಡಿ ಬೆವರು ಆರಬೇಕು. ಭಾರವು ಎರಡು ಪಕ್ಕಗಳಿಗೂ ಸಮನಾಗಿ ಹರಡುವದರಿಂದ ಒಳಗಿನ ಮರದ ಚೌಕಟ್ಟು ಸೊಟ್ಟಗಾಗದು, ಉಣ್ಣೆಯು ಜಾರದು. ಮೂರಡಿ ಎತ್ತರದ ನಾಲ್ಕು ಕಾಲುಗಳು ಹೊರಕ್ಕೆ ಚಾಚಿರಲಿ, ಇಲ್ಲವಾದರೆ ಜೀನು ಹೊರಿಸಿದ ಕೂಡಲೆ ಮಗುಚುವದು. (ನಮ್ಮ ಮೊದಲನೆಯದು ಹಾಗೆಯೇ ಮಗುಚಿತು, ಬಡಗಿಯ ಮಕ್ಕಳು ಬಹಳ ನಕ್ಕರು.) ತಿರುಪುಮೊಳೆಯ ತಲೆಗಳು ಮರದೊಳಕ್ಕೆ ಇಳಿದಿರಬೇಕು. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಅಂಗೈ ಸವರಿ ನೋಡಬೇಕು. ಕೈಗೆ ತಗಲುವ ಸಿಬಿರು ತೊಗಲಿಗೂ ತಗಲುವದು. ಗೆದ್ದಲಿನ ನಿಮಿತ್ತ ಗೋಡೆಯಿಂದ ಒಂದು ಗೇಣು ದೂರವಿಡಿರಿ. ಬಿಸಿಲಿಗೂ ಒಲೆಯ ಬಳಿಯಲ್ಲಿಯೂ ಇಡಬೇಡಿರಿ.

1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವದರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಕರ್ಮೆಲ್ ಬೆಟ್ಟವನ್ನು, ಎಲೀಯನು ಯಜ್ಞವೇದಿಯನ್ನು ಕಟ್ಟಿದ ಅದೇ ಬೆಟ್ಟವನ್ನು, ಹತ್ತಿದರೆಂದು ಹೇಳಿದಾಗ ಬಡಗಿಯು ಕೈಕೆಲಸ ನಿಲ್ಲಿಸಿ, ಅಷ್ಟು ಕುದುರೆಗಳ ಬೆನ್ನನ್ನು ಯಾರು ನೋಡಿಕೊಂಡರೋ ಎಂದು ಕೇಳಿದನು. ಯುದ್ಧದ ಕಥೆಯಲ್ಲಿ ಆ ಪ್ರಶ್ನೆಯು ನಮಗೆ ಎಂದೂ ತೋಚಿರಲಿಲ್ಲ.

ಜೀನಿನ ಉಣ್ಣೆಯನ್ನು ಬಿಚ್ಚಿಸಿ ಹೊಸದಾಗಿ ತುಂಬಿಸಿದ ವೆಚ್ಚವನ್ನು ನಾವು ಕೊಟ್ಟೆವು. ಮರದ ಕುದುರೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಅವನ ಲಾಯದಲ್ಲಿ ಇಟ್ಟೆವು. ಹುಣ್ಣು ಮಾಯ್ದಿದೆ, ಆದರೆ ಕಂದುಬಣ್ಣದ ಆ ಬೆನ್ನಿನಲ್ಲಿ ರೂಪಾಯಿಯಷ್ಟು ಅಗಲಕ್ಕೆ ಬಿಳಿಯ ಕೂದಲು ಹುಟ್ಟಿದೆ. ನಾವು ಹೋದಾಗೆಲ್ಲಾ ಆ ಕುದುರೆಯು ಹತ್ತಿರ ಬಂದು ನಮ್ಮ ಕೈಯನ್ನು ಮೂಸುತ್ತದೆ.