ನಿಂತಲ್ಲೇ ಉರಿಯುವ ಪೆಟ್ರೋಲು

ಕಾರಿನ ಹಿಂಬದಿಯಲ್ಲಿ ‘ಸ್ಮಾರ್ಟ್ ಹೈಬ್ರಿಡ್’ ಎಂಬ ಪುಟ್ಟ ಫಲಕ ಕಂಡರೆ, ಇದು ಅರ್ಧ ಪೆಟ್ರೋಲಿನಲ್ಲಿ, ಅರ್ಧ ಕರೆಂಟಿನಲ್ಲಿ ಓಡುವ ಗಾಡಿ ಎಂದು ನಂಬುವವರು ಬಹಳ. ಹಾಗೇನಿಲ್ಲ. ನಮ್ಮಲ್ಲಿ ಮಾರಾಟವಾಗುವ ಇಂಥ ಮೈಲ್ಡ್ ಹೈಬ್ರಿಡ್ ಕಾರುಗಳು ಬರೀ ಕರೆಂಟಿನಲ್ಲಿ ಒಂದಡಿಯೂ ಮುಂದೆ ಹೋಗವು.

ಬಾನೆಟ್ ಎತ್ತಿದರೆ, ಆಲ್ಟರ್ನೇಟರ್ ಇರಬೇಕಾದ ಜಾಗದಲ್ಲಿ ಎಂಜಿನ್ನಿಗೆ ಬೆಲ್ಟಿನಿಂದ ಜೋಡಿಸಿದ ಒಂದು ಯಂತ್ರವಿರುತ್ತದೆ. ಆಲ್ಟರ್ನೇಟರಿನ ಕೆಲಸವನ್ನೂ ಮಾಡುತ್ತದೆ, ಸ್ಟಾರ್ಟರಿನ ಕೆಲಸವನ್ನೂ ಮಾಡುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಬ್ರೇಕ್ ಒತ್ತಿದಾಗ, ವ್ಯರ್ಥವಾಗಿ ಹೋಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಮತ್ತೆ ವೇಗ ಹಿಡಿಯುವಾಗ ಅದನ್ನೇ ಎಂಜಿನ್ನಿಗೆ ವಾಪಸ್ ಕೊಡುತ್ತದೆ, ಏರಿನಲ್ಲಿ ಎತ್ತಿನ ಗಾಡಿಯನ್ನು ಹಿಂದಿನಿಂದ ತಳ್ಳಿಕೊಡುವವನ ಹಾಗೆ. ಎಳೆಯುವುದು ಎತ್ತೇ.

ಈ ನೆರವು ಎಷ್ಟು ಸಣ್ಣದು ಎಂಬುದಕ್ಕೆ ಬಿಡದಿಯಲ್ಲೇ ಸಾಕ್ಷಿಯಿದೆ. ಅಲ್ಲಿನ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗಿ 2022ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಎರಡು ಬಗೆಯಲ್ಲಿತ್ತು. ಪ್ರಮಾಣೀಕೃತ ಮೈಲೇಜು ಮೈಲ್ಡ್ ಹೈಬ್ರಿಡ್ ಮ್ಯಾನುಯಲ್‌ಗೆ ಲೀಟರಿಗೆ 21.11 ಕಿ.ಮೀ., ಸ್ವಲ್ಪ ದೂರ ಬರೀ ಮೋಟರಿನಿಂದಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗೆ 27.97. ಸರ್ಕಾರಕ್ಕೂ ಈ ಅಂತರ ಅರ್ಥವಾಗಿತ್ತು. ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳನ್ನು ಪ್ರೋತ್ಸಾಹಿಸುವ ಫೇಮ್ ಯೋಜನೆಯಡಿ 2015ರಿಂದ ಮೈಲ್ಡ್ ಹೈಬ್ರಿಡ್‌ಗೂ ಸಿಗುತ್ತಿದ್ದ ಸಹಾಯಧನವನ್ನು 2017ರ ಏಪ್ರಿಲ್‌ನಿಂದ ನಿಲ್ಲಿಸಲಾಯಿತು. ಅದು ಸರಿಯಾದ ತೀರ್ಮಾನವೇ. ಜನರ ತೆರಿಗೆ ಹಣ ಇದಕ್ಕಿಂತ ದೊಡ್ಡ ಉಳಿತಾಯಕ್ಕೆ ಹೋಗಬೇಕು.

ಹಾಗೆಂದು ಈ ಯಂತ್ರವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ನಿಜವಾದ ಬೆಲೆ ತಿಳಿಯುವುದು ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಸಿಗ್ನಲ್‌ನಲ್ಲಿ. ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಹಸಿರು ದೀಪ ಬಿದ್ದು ಕ್ಲಚ್ ತುಳಿದರೆ ಸಾಕು, ಕಿರ್ರೆನ್ನದೆ, ಅದುರದೆ ಎಚ್ಚರಗೊಳ್ಳುತ್ತದೆ. ನಿಂತ ಕಾರಿನ ಎಂಜಿನ್ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಪೆಟ್ರೋಲು ಕುಡಿಯುತ್ತದೆ, ಎಸಿ ಹಾಕಿದ್ದರೆ ಇನ್ನೂ ಹೆಚ್ಚು. ಒಂದು ಕಿಲೋಮೀಟರನ್ನೂ ಕೊಡದೆ ಉರಿದುಹೋಗುವ ಎಣ್ಣೆ ಅದು. ಪಕ್ಕದಲ್ಲಿ ಸ್ಕೂಟರಿನ ಮುಂದೆ ನಿಂತ ಶಾಲೆಯ ಮಗುವಿನ ಮೂಗಿಗೆ, ಇಡೀ ದಿನ ಜಂಕ್ಷನ್ನಿನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸಿನವರ ಎದೆಗೆ ಹೋಗುವುದು ಅದರದೇ ಹೊಗೆ. ಹೆದ್ದಾರಿಯಲ್ಲಿ ಏನೂ ಅನ್ನಿಸದ ಈ ಸಾಧನ ಊರೊಳಗೆ ಮಾತ್ರ ತನ್ನ ಋಣ ತೀರಿಸುತ್ತದೆ.

ಆದರೆ ಬಹಳಷ್ಟು ಮಂದಿ ಕಾರು ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ, ಎಂಜಿನ್ ತಾನಾಗಿ ನಿಲ್ಲುವ ಈ ಏರ್ಪಾಡನ್ನು ಬಟನ್ ಒತ್ತಿ ಆಫ್ ಮಾಡುವುದು. ಎಂಜಿನ್ ನಿಂತರೆ ಎಸಿಯ ಕಂಪ್ರೆಸರ್ ನಿಲ್ಲುತ್ತದೆ, ಗಾಳಿ ಬೆಚ್ಚಗಾಗುತ್ತದೆ ಎಂಬ ಬೇಸರ. ಏಪ್ರಿಲ್ ಮಧ್ಯಾಹ್ನದಲ್ಲಿ ಆ ಬೇಸರ ನ್ಯಾಯವೇ. ಒಳಗೆ ತೀರಾ ಸೆಕೆಯಾದರೆ ಎಂಜಿನ್ ತಾನೇ ಮತ್ತೆ ಶುರುವಾಗುವ ಏರ್ಪಾಡೂ ಇದೆ. ಬೆಳಗಿನ ಹೊತ್ತು, ಮಳೆಗಾಲ, ಚಳಿಗಾಲಗಳಲ್ಲಿ ಆಫ್ ಮಾಡಲು ಕಾರಣವೇ ಇಲ್ಲ. ಪದೇ ಪದೇ ಸ್ಟಾರ್ಟ್ ಆದರೆ ಬ್ಯಾಟರಿ ಹಾಳಾಗುತ್ತದೆ ಎನ್ನುವ ಭಯವೂ ಬೇಡ; ಇಂಥ ಕಾರಿಗೆ ಅದಕ್ಕೆಂದೇ ತಯಾರಾದ ಬ್ಯಾಟರಿ ಬರುತ್ತದೆ. ಬದಲಾಯಿಸುವಾಗ ಅಗ್ಗಕ್ಕೆ ಸಿಕ್ಕಿತೆಂದು ಮಾಮೂಲಿ ಬ್ಯಾಟರಿ ಹಾಕಿಸಿಕೊಂಡವರಿಗೇ ತೊಂದರೆ ಹೆಚ್ಚು.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಹೈಬ್ರಿಡ್‌ಗಳಿಗೂ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಹಬ್ಬಕ್ಕೆ ಚಿಕ್ಕ ಕಾರು ಕೊಳ್ಳುವ ಯೋಚನೆಯಿದ್ದರೆ ಶೋರೂಮಿನಲ್ಲಿ ಒಂದು ಪ್ರಶ್ನೆ ಕೇಳಿ: ಎಂಜಿನ್ ಆಫ್ ಇದ್ದಾಗ ಈ ಗಾಡಿ ಮುಂದೆ ಹೋಗುತ್ತದೆಯೇ? ಇಲ್ಲವೆಂದರೆ ಆ ಫಲಕಕ್ಕೆಂದು ಹೆಚ್ಚು ದುಡ್ಡು ಸುರಿಯಬೇಡಿ. ಈಗಾಗಲೇ ಕೊಂಡಿದ್ದರೆ, ದಯವಿಟ್ಟು ಆ ಬಟನ್ ಒತ್ತಬೇಡಿ.