ಖಾತೆ ಬದಲಾದರೆ ಋಣ ತೀರುವುದೇ?

ಲೆಕ್ಕ ಬರೆಯುವವರೆಲ್ಲರಿಗೂ ತಿಳಿದ ಸಂಗತಿಯೊಂದಿದೆ. ಕೊಡಬೇಕಾದ ಹಣವನ್ನು ಒಂದು ಖಾತೆಯಿಂದ ತೆಗೆದು ಇನ್ನೊಂದು ಖಾತೆಗೆ ಬರೆದ ಮಾತ್ರಕ್ಕೆ ಅದು ಸಂದಾಯವಾದಂತಾಗುವುದಿಲ್ಲ. ಪುಸ್ತಕದ ಒಂದು ಪುಟ ಶುಭ್ರವಾಗಿ ಕಾಣಬಹುದು. ಋಣ ಮಾತ್ರ ಹಾಗೆಯೇ ಉಳಿಯುತ್ತದೆ. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನನಗೆ ವ್ಯವಹಾರದಲ್ಲಿ ಸ್ಪಷ್ಟವಾಗಿದ್ದ ಈ ಮಾತು ಅಹಿಂಸೆಯ ವಿಷಯದಲ್ಲಿಯೂ ಅಷ್ಟೇ ಸತ್ಯವೆಂದು ಮನಗಾಣಿಸಿದ್ದು ಜಪಾನ್ ದೇಶದ ಒಂದು ಚಿತ್ರಮಾಲಿಕೆ ಎಂದರೆ ವಾಚಕರು ಆಶ್ಚರ್ಯಪಡಬಹುದು.

ಕಾಲೇಜಿನ ರಜೆಗೆ ಬಂದಿದ್ದ ಮೊಮ್ಮಗ ಒಂದು ಸಂಜೆ, "ಅಜ್ಜಾ, ನೀವು ಅಹಿಂಸೆಯ ಬಗ್ಗೆ ಬರೀತೀರಲ್ಲ, ಇದನ್ನ ಒಮ್ಮೆ ನೋಡ್ರಿ" ಎಂದು ನನ್ನನ್ನು ಕೂರಿಸಿದ. 'ಶಿನ್‌ಸೆಕಾಯ್ ಯೋರಿ', ಅಂದರೆ 'ಹೊಸ ಲೋಕದಿಂದ', ಯೂಸುಕೆ ಕಿಶಿ ಎಂಬ ಲೇಖಕರು 2008ರಲ್ಲಿ ಪ್ರಕಟಿಸಿದ ಕಾದಂಬರಿ. ಅದೇ ಕಥೆ 2012-13ರಲ್ಲಿ 25 ಕಂತುಗಳ ಅನಿಮೆಯಾಗಿ, ಅಂದರೆ ಜಪಾನೀ ಶೈಲಿಯ ಚಲಿಸುವ ಚಿತ್ರಗಳ ಮಾಲಿಕೆಯಾಗಿ, ಅಲ್ಲಿನ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಭಯಾನಕ, ಬೀಭತ್ಸ ರಸಗಳು ಅದರಲ್ಲಿ ಧಾರಾಳವಾಗಿವೆ; ನಡುವೆ ಎದ್ದುಹೋಗಬೇಕೆಂದು ನನಗೆ ಎರಡು ಮೂರು ಬಾರಿ ಅನ್ನಿಸಿತು. ಎಳೆಯ ಮಕ್ಕಳಿಗೆ ತೋರಿಸತಕ್ಕದ್ದಲ್ಲವೆಂಬ ಮಾತನ್ನೂ ಮೊದಲೇ ಹೇಳಿಬಿಡುವುದು ಒಳಿತು.

ಕಥೆ ನಡೆಯುವುದು ಇಂದಿನಿಂದ ಸುಮಾರು ಸಾವಿರ ವರ್ಷಗಳ ನಂತರ. ಮನೋಬಲದಿಂದಲೇ ವಸ್ತುಗಳನ್ನು ಚಲಿಸುವ, ಸುಡುವ, ಪುಡಿಮಾಡುವ ಶಕ್ತಿ ಕೆಲವರಿಗೆ ಬಂದು, ಶತಮಾನಗಳ ಕಾಲ ರಕ್ತಪಾತ ನಡೆದು ಹಳೆಯ ನಾಗರಿಕತೆ ಅಳಿದುಹೋಗಿದೆ. ಉಳಿದವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಎದುರಿಗಿರುವವನು ಮನುಷ್ಯನೆಂದು ತಿಳಿದೂ ಒಬ್ಬನು ಅವನನ್ನು ಕೊಂದರೆ, ಕೊಂದವನ ಶರೀರವೇ ಕುಸಿದು ಅವನೂ ಸಾಯುವಂತೆ ತಮ್ಮ ಸಂತತಿಯ ದೇಹವನ್ನೇ ಮಾರ್ಪಡಿಸಿಬಿಟ್ಟಿದ್ದಾರೆ. ಆದ್ದರಿಂದ ನಾಯಕಿ ಸಾಕಿ ಹುಟ್ಟಿ ಬೆಳೆಯುವ ಕಾಮಿಸು 66 ಎಂಬ ಊರಿನಲ್ಲಿ ಕೊಲೆಯಿಲ್ಲ, ಯುದ್ಧವಿಲ್ಲ. ಮೇಲುನೋಟಕ್ಕೆ ಅದು ಅಹಿಂಸೆಯ ರಾಜ್ಯವೇ ಸರಿ.

ಆ ಊರಿನವರಿಗೆ ದುಡಿಯುವ ಇನ್ನೊಂದು ವರ್ಗವಿದೆ. ಬಾಕೆನೆಜುಮಿ ಎಂಬ ಇಲಿರೂಪದ ಜೀವಿಗಳು ಮಾತನಾಡಬಲ್ಲವು, ರಾಣಿಯ ಅಧೀನದಲ್ಲಿ ಗುಂಪಾಗಿ ಬಾಳುತ್ತವೆ, ಮನುಷ್ಯರನ್ನು ದೇವರೆಂದು ಕರೆಯುತ್ತವೆ. ತಪ್ಪು ಕಂಡರೆ ಇಡೀ ಗುಂಪನ್ನೇ ನಿರ್ಮೂಲ ಮಾಡುವ ಅಧಿಕಾರ ಮನುಷ್ಯರದು. ಹಾಗೆ ಕೊಂದವರ ದೇಹಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಅವರ ಕಣ್ಣಿಗೆ ಅವು ಮನುಷ್ಯರಲ್ಲ. ಸ್ಕ್ವೀಲರ್ ಎಂಬ ಬುದ್ಧಿವಂತ ಇಲಿ ದಂಗೆಯೆದ್ದು, ಸೋತು, ನ್ಯಾಯಸ್ಥಾನದಲ್ಲಿ ನಿಲ್ಲುತ್ತದೆ. ಮೃಗವಲ್ಲದಿದ್ದರೆ ನೀನು ಯಾರು ಎಂಬ ಪ್ರಶ್ನೆಗೆ ತಾನು ಮನುಷ್ಯನೆಂದು ಅದು ಕೂಗಿದಾಗ ನೆರೆದ ಜನ ಗಹಗಹಿಸಿ ನಗುತ್ತಾರೆ. ಸಾವಿಲ್ಲದೆ ನಿರಂತರ ನೋಯುವ ಶಿಕ್ಷೆಯನ್ನು ಅದಕ್ಕೆ ವಿಧಿಸುತ್ತಾರೆ. ಸಾಕಿಗೆ ನಿಜಾಂಶ ತಿಳಿಯುವುದು ಆಮೇಲೆ. ಆಫ್ರಿಕದ ಬಿಲಗಳಲ್ಲಿ ಬಾಳುವ ರೋಮವಿಲ್ಲದ ಇಲಿಗೆ 30 ಜೊತೆ ವರ್ಣತಂತುಗಳು. ಬಾಕೆನೆಜುಮಿಗೆ ಇರುವುದು ಮನುಷ್ಯನಂತೆಯೇ 23 ಜೊತೆ. ಶಕ್ತಿಯಿಲ್ಲದ ಸಾಮಾನ್ಯ ಮನುಷ್ಯರನ್ನು ನಿರಾತಂಕವಾಗಿ ಕೊಲ್ಲಲು ಸಾಧ್ಯವಾಗಲೆಂದೇ ಪೂರ್ವಿಕರು ಅವರನ್ನು ಇಲಿಗಳನ್ನಾಗಿ ರೂಪಾಂತರಿಸಿದ್ದರು!

ಈ ಮಾಲಿಕೆಯನ್ನು ನೋಡಿದವರಲ್ಲಿ ಅಭಿಪ್ರಾಯಭೇದ ಬಹಳ. ಸ್ಕ್ವೀಲರ್ ತನ್ನ ಜನರ ಬಿಡುಗಡೆಗೆ ಹೋರಾಡಿದ ವೀರನೆಂದು ಕೆಲವರು ಹೇಳುತ್ತಾರೆ. ಹೆತ್ತ ರಾಣಿಯ ಮಿದುಳನ್ನೇ ಕತ್ತರಿಸಿ ಅವಳನ್ನು ಬರಿಯ ಹೆರುವ ಯಂತ್ರವನ್ನಾಗಿಸಿದ, ಮನುಷ್ಯರ ಕೂಸೊಂದನ್ನು ಸಾಕಿ ಕೊಲೆಯ ಆಯುಧವನ್ನಾಗಿ ಮಾಡಿಕೊಂಡ ಅವನು ವೀರನು ಹೇಗಾದಾನು ಎಂಬುದು ಎದುರು ಪಕ್ಷದವರ ವಾದ. ಒಬ್ಬನೇ ಒಬ್ಬನ ನಿಯಮ ತಪ್ಪಿದರೂ ಊರೇ ನಾಶವಾಗುವಾಗ ಊರಿನವರು ಕಠಿಣರಾಗದೆ ಬೇರೆ ಉಪಾಯವೇನಿತ್ತು ಎಂದು ಮೂರನೆಯವರು ಕೇಳುತ್ತಾರೆ. ನನ್ನ ಮೊಮ್ಮಗ ಮೊದಲನೆಯ ಪಕ್ಷ. ಅವನ ಗೆಳೆಯ ಮೂರನೆಯದು. ಇಬ್ಬರೂ ನಮ್ಮ ಜಗುಲಿಯ ಮೇಲೆ ರಾತ್ರಿ ಹತ್ತರವರೆಗೆ ವಾದಿಸಿದರು.

ಅನೇಕಾಂತದ ದೃಷ್ಟಿಯಲ್ಲಿ ಮೂರರಲ್ಲಿಯೂ ಸತ್ಯಾಂಶವಿದೆ. ಊರಿನವರ ಭಯ ನಿಜ. ಇಲಿಗಳ ದಾಸ್ಯ ನಿಜ. ಸ್ಕ್ವೀಲರನ ಕ್ರೌರ್ಯವೂ ನಿಜ. ಆದರೆ ಎಲ್ಲವೂ ಸರಿಯೆಂದು ಹೇಳಿ ಎದ್ದುಹೋಗುವುದು ಅನೇಕಾಂತವಲ್ಲ. ನಮ್ಮ ಆಚಾರ್ಯರು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣ ತ್ಯಜಿಸಬೇಕೆಂದಿದ್ದಾರೆ. ಊರಿನವರು ತಮ್ಮದು ಆತ್ಮರಕ್ಷಣೆಯ ವಿರೋಧೀ ಹಿಂಸೆ ಎಂದುಕೊಂಡಿದ್ದಾರೆ. ಕೊಲ್ಲಲು ಅನುಕೂಲವಾಗಲೆಂದು ಎದುರಿನವನ ರೂಪವನ್ನೇ ಬದಲಾಯಿಸಿದ್ದು ಶುದ್ಧ ಸಂಕಲ್ಪೀ ಹಿಂಸೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಜೀವವನ್ನು ಮನುಷ್ಯರ ಖಾತೆಯಿಂದ ತೆಗೆದು ಇಲಿಗಳ ಖಾತೆಗೆ ಬರೆದರು. ಪುಟ ಶುಭ್ರವಾಯಿತು; ಋಣ ಉಳಿಯಿತು.

ಪ್ರೇಕ್ಷಕರ ಬೆಚ್ಚಿಬೀಳುವಿಕೆಯೂ ಇಲ್ಲಿ ವಿಚಾರಾರ್ಹವಾಗಿದೆ. 'ಅಯ್ಯೋ, ಅವು ಮನುಷ್ಯರೇ ಆಗಿದ್ದವಲ್ಲ!' ಎಂದು ಬಹುತೇಕ ಎಲ್ಲರೂ ಮರುಗುತ್ತಾರೆ. ವರ್ಣತಂತುಗಳು 30 ಜೊತೆಯೇ ಇದ್ದಿದ್ದರೆ ಆ ನೋವು ಕಡಿಮೆಯಾಗುತ್ತಿತ್ತೇ? ಇಲಿಯೂ ಮನಸ್ಸುಳ್ಳ ಪಂಚೇಂದ್ರಿಯ ಜೀವವೇ. 23 ಎಂದು ತಿಳಿದ ಮೇಲೆ ಹುಟ್ಟುವ ಕರುಣೆ ತನ್ನವರ ಮೇಲಿನ ಮೋಹಕ್ಕೆ ಹತ್ತಿರವಾದದ್ದು. ದಯೆಗೆ ಎಣಿಕೆಯ ಪ್ರಮಾಣಪತ್ರ ಬೇಡ.

ಕಥೆಗಾರರು ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿದ್ದಾರೆ. ಇಲಿಗಳ ನಡುವೆ ಬೆಳೆದ ಆ ಮನುಷ್ಯನ ಕೂಸು ತಾನು ಇಲಿಯೆಂದೇ ನಂಬಿ ಊರಿನವರನ್ನು ಕೊಲ್ಲುತ್ತ ಬರುತ್ತದೆ. ಅದರ ದೇಹ ಅದನ್ನು ತಡೆಯುವುದಿಲ್ಲ. ಮನುಷ್ಯನೆಂದು ಭಾವಿಸಿ ಒಬ್ಬನನ್ನು ಕೊಂದ ಮೇಲೆ, ಅವನು ವೇಷ ಮರೆಸಿಕೊಂಡಿದ್ದ ಇಲಿಯೆಂದು ತಿಳಿದ ಕ್ಷಣವೇ ಕೂಸು ಕುಸಿದು ಸಾಯುತ್ತದೆ. ಎರಡು ಕಡೆಯವರಿಗೂ ಕೈಯನ್ನು ತಡೆದದ್ದು 'ಇವನು ನಮ್ಮವನು' ಎಂಬ ಭಾವ ಮಾತ್ರ. ದೇಹಕ್ಕೆ ಬಿಗಿದ ಕಟ್ಟು ವ್ರತವಾಗಲಾರದು. ವ್ರತವು ತಿಳಿವಿನಿಂದ ಹುಟ್ಟಬೇಕು. ತಿಳಿವಿಲ್ಲದ ಕಡೆ ಮನಸ್ಸು ಕಟ್ಟಿನಲ್ಲಿಯೇ ಕಿಂಡಿಯನ್ನು ಹುಡುಕುತ್ತದೆ.

ಇಷ್ಟನ್ನು ಜಗುಲಿಯ ಮೇಲೆ ಹೇಳಿ ಮುಗಿಸಿದಾಗ ನನಗೆ ತೃಪ್ತಿಯಾಗಿತ್ತು. ರಾತ್ರಿ ಮಲಗಿದ ಮೇಲೆ ಬೇರೊಂದು ನೆನಪು ಬಂದಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಗೋದಾಮಿನಲ್ಲಿ ಚೀಲಗಳ ಒಟ್ಟಿಲಿನ ಮೇಲಿಂದ ಒಬ್ಬ ಹಮಾಲ ಜಾರಿಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯ ಹಣವನ್ನು ನಾನೇ ಕೊಟ್ಟೆ. 'ಇತರೆ ಖರ್ಚು' ಎಂದು ಬರೆಸಿದೆ. ಮೂರು ತಿಂಗಳ ನಂತರ ಅವನು ಕುಂಟುತ್ತ ಬಂದು, "ಸಾವುಕಾರ್ರ, ಕುಂತು ಮಾಡೋ ಕೆಲಸ ಏನಾರ ಇದ್ರ ಕೊಡ್ರಿ" ಎಂದ. ಹಮಾಲರನ್ನು ಕರೆತರುವವನು ಮೇಸ್ತ್ರಿಯಾದ್ದರಿಂದ, "ನಿನ್ನ ಲೆಕ್ಕ ಮೇಸ್ತ್ರಿ ಕಡೆ ಐತಿ, ಅಲ್ಲಿ ಕೇಳು" ಎಂದು ಕಳುಹಿಸಿದೆ. ಅಂದೂ ಸೂರ್ಯಾಸ್ತದ ಮೊದಲೇ ಉಂಡೆ, ಸೋಸಿದ ನೀರನ್ನೇ ಕುಡಿದೆ. ನನ್ನ ಯಾವ ನಿಯಮಕ್ಕೂ ಭಂಗ ಬರಲಿಲ್ಲ.

ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಕ್ಕಾಗಿ ಬಟ್ಟೆ ಹಿಡಿಯುವ ಕೈ, ಕಣ್ಣೆದುರಿಗೆ ನಿಂತವನನ್ನು ಮೇಸ್ತ್ರಿಯ ಖಾತೆಗೆ ಬರೆಯಿತು. ನೀರು ಸೋಸುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆ ಎಚ್ಚರವು ಅಡಿಗೆಮನೆಯ ಹೊಸಿಲನ್ನು ದಾಟಿ ಗೋದಾಮಿಗೆ ಬರಬೇಕಾಗಿತ್ತು. ನಮ್ಮ ಟ್ರಸ್ಟುಗಳೂ ಒಮ್ಮೆ ತಮ್ಮ ಪುಸ್ತಕ ತೆರೆದು ನೋಡಲಿ. ಬಸದಿಯ ಅಂಗಳ ಗುಡಿಸುವವರು, ಉತ್ಸವದಲ್ಲಿ ಪಾತ್ರೆ ತೊಳೆಯುವವರು ಯಾವ ಶೀರ್ಷಿಕೆಯ ಕೆಳಗೆ ಇದ್ದಾರೆ? ಅವರಿಗೆ ಗಾಯವಾದರೆ ಯಾರ ಲೆಕ್ಕ?

ಮರುದಿನ ಮೊಮ್ಮಗನಿಗೆ ಈ ಸಂಗತಿ ಹೇಳಿದೆ. "ಅಜ್ಜಾ, ಅವರು ಈಗ ಎಲ್ಲಿದ್ದಾರೆ?" ಎಂದು ಅವನು ಕೇಳಿದ. ನನಗೆ ಗೊತ್ತಿರಲಿಲ್ಲ. ಪ್ರತಿವರ್ಷ ಕ್ಷಮಾವಾಣಿಯ ದಿನ ಸಕಲ ಜೀವರಾಶಿಯ ಕ್ಷಮೆ ಬೇಡುವ ನಾನು ಆ ಒಬ್ಬನನ್ನು ಹುಡುಕಿ ಹೋಗಿರಲಿಲ್ಲ. ಈಗ ಮೇಸ್ತ್ರಿಯ ಮಗನ ಮೂಲಕ ವಿಚಾರಿಸುತ್ತಿದ್ದೇನೆ.