ಯಾಕೆ ಮುಳುಗಿದೆ ಎಂದು ಕೇಳುವವರು

ದಿವಾಳಿ ಎದ್ದವನಿಗೆ ಈಗ ಎಲ್ಲರೂ ಕೊಡುವ ಉಪದೇಶ ಒಂದೇ. ಬ್ಯಾಂಕಿನಲ್ಲಿ ಠೇವಣಿ ಇಡು, ಅದರ ಮೇಲೊಂದು ಕ್ರೆಡಿಟ್ ಕಾರ್ಡ್ ತಗೋ, ಸ್ವಲ್ಪವೇ ಬಳಸು, ಗಡುವಿನೊಳಗೆ ಪೂರ್ತಿ ಕಟ್ಟು. ಸಿಬಿಲ್ ಅಂಕ ತಾನೇ ಏರುತ್ತದೆ. ಕೈ ಬರಿದಾದವನು ಮೇಲೇಳಲು ಮೊದಲು ಠೇವಣಿ ಇಡಬೇಕು ಎಂಬ ತಮಾಷೆಯನ್ನು ಬಿಟ್ಟರೆ ಉಪದೇಶ ಸುಳ್ಳಲ್ಲ. ನನಗೆ ಸಿಟ್ಟು ಬರುವುದು ಅದರ ಹಿಂದಿನ ತತ್ವದ ಮೇಲೆ: 300ರಿಂದ 900ರ ನಡುವಿನ ಒಂದು ಸಂಖ್ಯೆಯೇ ಮನುಷ್ಯನ ಪತ, ಅದು ಏರಿತೆಂದರೆ ಅವನ ಮೇಲಿನ ನಂಬಿಕೆ ಮರಳಿತು.

ಬೆಂಗಳೂರಿನಲ್ಲಿ ಸಾಲ ಕೊಡುವ ಕಂಪನಿಯೊಂದರಲ್ಲಿರುವ ನಮ್ಮ ಅಕ್ಕನ ಅಳಿಯ ಈ ತತ್ವದ ಗಟ್ಟಿ ವಕೀಲ. ಹಬ್ಬಕ್ಕೆ ಸೇಡಮ್ಮಿಗೆ ಬಂದಾಗಲೆಲ್ಲ ನಮಗೆ ಇದೇ ಜಗಳ. "ಅಂಕಕ್ಕೆ ಜಾತಿ ಗೊತ್ತಿಲ್ಲ ಮಾವ, ನಿಮ್ಮ ಅಡತಿ ಅಂಗಡಿಯವನಿಗೆ ಗೊತ್ತು" ಅನ್ನುತ್ತಾನೆ. ಇದಕ್ಕೆ ಸರ್ವಜ್ಞನಲ್ಲೂ ಉತ್ತರವಿಲ್ಲ, ಚಾರ್ವಾಕರ ತುಪ್ಪದಲ್ಲೂ ಇಲ್ಲ. ಒಬ್ಬರು ಸಾಲವೇ ಬೇಡ ಎನ್ನುತ್ತಾರೆ, ಇನ್ನೊಬ್ಬರು ಮಾಡಿಬಿಡು ಎನ್ನುತ್ತಾರೆ. ಮುಳುಗಿದ ಮೇಲೇನು ಎಂಬುದು ಇಬ್ಬರಿಗೂ ಬೇಕಿಲ್ಲ.

ನಾನು ಅವನಿಗೆ ನಮ್ಮ ಕಾಕಾನ ಕಥೆ ಹೇಳಿದೆ. ಕಾಕಾ ಶಹಾಬಾದಿನಲ್ಲಿ ಫರ್ಸಿ ಕಲ್ಲು ಪಾಲಿಶ್ ಮಾಡುವ ಯಂತ್ರ ಹಾಕಿದ್ದರು. ಮನೆಮನೆಗೂ ಟೈಲ್ಸ್ ಬಂತು, ಕಲ್ಲು ಕೇಳುವವರು ಕಡಿಮೆಯಾದರು, ಕಂತು ನಿಂತವು. ಕೊನೆಗೆ ಬ್ಯಾಂಕು ಒಂದಿಷ್ಟು ಬಿಟ್ಟು ಲೆಕ್ಕ ಮುಗಿಸಿತು. ಸಿಬಿಲ್ ವರದಿಯಲ್ಲಿ ಆ ಸಾಲದ ಮುಂದೆ ಬಿದ್ದದ್ದು 'ಸೆಟಲ್ಡ್' ಎಂಬ ಮುದ್ರೆ, 'ಕ್ಲೋಸ್ಡ್' ಅಲ್ಲ. ಇಸ್ಪೀಟಿನಲ್ಲಿ ಮನೆ ಕಳೆದವನು ಬ್ಯಾಂಕಿನ ಜೊತೆ ರಾಜಿಯಾದರೂ ಇದೇ ಮುದ್ರೆ. 2022ರಲ್ಲಿ ನೆಟೆ ರೋಗಕ್ಕೆ ತೊಗರಿ ಒಣಗಿ ಕಂತು ತಪ್ಪಿದ ಚಿತ್ತಾಪುರದ ರೈತನಿಗೂ ತಡವಾದ ದಿನಗಳ ಎಣಿಕೆಯೇ. ವರದಿಯಲ್ಲಿ ತಪ್ಪಿದ್ದರೆ, ದೂರು ಕೊಟ್ಟ 30 ದಿನಗಳೊಳಗೆ ಸರಿಪಡಿಸದಿದ್ದಲ್ಲಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ತಪ್ಪಿಗೆ ದಾರಿಯಿದೆ. ಕಾರಣ ಬರೆಯಲು ಮಾತ್ರ ಜಾಗವಿಲ್ಲ.

ಕಾರಣ ಕೇಳಿದವನೊಬ್ಬ ನಮ್ಮ ನೆಲದಲ್ಲೇ ಇದ್ದ. 6ನೇ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಬರೆದ ವಿಜ್ಞಾನೇಶ್ವರ ಶಹಾಬಾದ್ ಹತ್ತಿರದ ಮರತೂರಿನವನು ಎಂಬುದು ನಮ್ಮ ಕಡೆಯ ಹೆಮ್ಮೆ. ತಂದೆಯ ಸಾಲವನ್ನು ಮಗ ತೀರಿಸಬೇಕು ಎನ್ನುವ ಆ ಶಾಸ್ತ್ರ, ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲವನ್ನು, ದಂಡ-ಸುಂಕದ ಬಾಕಿಯನ್ನು ಹೊರಗಿಡುತ್ತದೆ. ಒಂಬತ್ತು ನೂರು ವರ್ಷಗಳ ಹಿಂದೆಯೇ ಸಾಲಕ್ಕೂ ಸಾಲಕ್ಕೂ ವ್ಯತ್ಯಾಸ ಕಂಡವರಿದ್ದರು, ನಿನ್ನ ಕಂಪ್ಯೂಟರಿಗೆ ಕಾಣುವುದಿಲ್ಲವಲ್ಲ ಎಂದೆ.

ಅಳಿಯ ನನ್ನ ಆಯುಧವನ್ನೇ ಕಿತ್ತುಕೊಂಡ. "ಅಪ್ಪನ ಸಾಲ ಮಗನಿಗ್ಯಾಕೆ ಮಾವ? ನಮ್ಮಲ್ಲಿ ಮಗನ ಅಂಕ ಮಗನದ್ದೇ."

ಒಪ್ಪಲೇಬೇಕಾಯಿತು. ಬರೀ ಆ ಪುತ್ರಧರ್ಮದ ನೆಪ ಹಿಡಿದು ಮಗ-ಮೊಮ್ಮಕ್ಕಳ ಮೇಲೆ ಸಾಲ ಹೇರುವುದನ್ನು ಕಾನೂನು ನಿಲ್ಲಿಸಿದ್ದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ, ಅದೂ ಮುಂದಿನ ಸಾಲಗಳಿಗೆ. ಊರು ಇನ್ನೂ ನಿಲ್ಲಿಸಿಲ್ಲ. ಕಾಕಾನ ಮಗ ವಾಡಿಯಲ್ಲಿ ಅಂಗಡಿ ಹಾಕಲು ಹೊರಟಾಗ ಸಾವಕಾರನೊಬ್ಬ "ನೀನೂ ನಿಮ್ಮಪ್ಪನಂಗ ಮುಳುಗಸ್ತಿ ಏನು?" ಎಂದು ನಾಲ್ಕು ಜನರ ಮುಂದೆ ಕೇಳಿದ. ಅದೇ ಹುಡುಗನಿಗೆ ಬ್ಯಾಂಕು ಅಪ್ಪನ ಹೆಸರೆತ್ತದೆ ಸಾಲ ಕೊಟ್ಟಿತು. ಸಾಲದ ಚರಿತ್ರೆಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮ ದೀರ್ಘವೆಂದು ನಾನು ಗೊಣಗುತ್ತಿದ್ದೆ. ನಮ್ಮೂರ ನೆನಪಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಹಾಗಾದರೆ ಮರೆಸುವ ಕೆಲಸ ಕಾನೂನೇ ಮಾಡಲಿ ಎನ್ನಬಹುದು. 2016ರ ದಿವಾಳಿ ಸಂಹಿತೆಯಲ್ಲಿ ಬಡವನಿಗೊಂದು ಹೊಸ ಆರಂಭವಿದೆ: ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದವನಿಗೆ, ಸ್ವಂತ ಮನೆಯಿಲ್ಲದವನಿಗೆ ಋಣಮುಕ್ತಿ. ಆ ಭಾಗ ಜಾರಿಗೇ ಬಂದಿಲ್ಲ. 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಪಾಲಿನದು ಮಾತ್ರ. ನಮ್ಮ ಕಡೆಯ ಉಳಿದವರಿಗೆ ಇಂದಿಗೂ ಬ್ರಿಟಿಷರ 1920ರ ದಿವಾಳಿ ಕಾಯ್ದೆಯೇ ಗತಿ. ಆ ಕಾಯ್ದೆಯ ಹೆಸರು ಹೇಳಿಕೊಂಡು ಚಿಂಚೋಳಿಯಿಂದ ಕಲಬುರಗಿ ಕೋರ್ಟಿಗೆ ಹೋದ ಒಬ್ಬರನ್ನೂ ನಾನು ಕಂಡಿಲ್ಲ. ಹೋಗುವ ಮುಂಚೆಯೇ ಊರು ತೀರ್ಪು ಕೊಟ್ಟಿರುತ್ತದೆ.

ಕಾರಣ ಗೊತ್ತಿರುವವರು ಕರುಣೆಯುಳ್ಳವರು ಎಂದು ನಾನು ಅಂದುಕೊಂಡಿದ್ದೇ ಇಲ್ಲಿ ಅಲುಗಾಡತೊಡಗಿತು. ಹೆಂಗಸರ ಸಂಘಗಳ ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಬಾಗಿಲಿಗೆ ಬಂದು ನಿಲ್ಲುವವರು ನೆರೆಯವರೇ. ಗಂಡ ಆಸ್ಪತ್ರೆಯಲ್ಲಿದ್ದಾನೆಂದು ಅವರಿಗೆ ಗೊತ್ತು; ಗೊತ್ತಿದ್ದೂ ನಿಲ್ಲುತ್ತಾರೆ, ಯಾಕೆಂದರೆ ಇಲ್ಲದಿದ್ದರೆ ತಾವೇ ಕಟ್ಟಬೇಕು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಇನ್ನು ವರದಿಯಲ್ಲಿ ನಾನು ಬಯಸುವ ಕಾರಣದ ಕಾಲಂ ಬಂದರೂ ಅದನ್ನು ತುಂಬುವವರು ಯಾರು? ಸಾಲಗಾರ ತುಂಬಿದರೆ ಎಲ್ಲವೂ ನೆಟೆ ರೋಗ. ಸಾವಕಾರ ತುಂಬಿದರೆ ಎಲ್ಲವೂ ಇಸ್ಪೀಟು. ಅಳಿಯ ಇದನ್ನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಗೆದ್ದದ್ದು ಅವನ ಅಂಕ ಎಂದು ಒಪ್ಪಲಾರೆ: ಯಾರನ್ನೂ ಗುರುತಿಸದಿರುವುದು ನ್ಯಾಯಕ್ಕೆ ಅರ್ಧ ಮಾತ್ರ.

ಈಚೆಗೆ ಕಾಕಾನ ಮಗ ನನ್ನ ಹತ್ತಿರ ಕೈಗಡ ಕೇಳಿದ. ಯಾತಕ್ಕೆ ಎಂದೆ. "ಬ್ಯಾಂಕಿನವ್ರೇ ಇಷ್ಟು ಕೇಳಲಿಲ್ಲ, ನೀ ಯಾಕ ಕೇಳ್ತಿ ಅಣ್ಣಾ?" ಎಂದ. ದುಡ್ಡು ಕೊಟ್ಟೆ. ಆದರೆ ಅವನು ಕಾರಣ ಹೇಳಿದ ಮೇಲೆ.